ಖೋಪೋಲಿಯ ನೀರು, ಕಿಸೆಯ ಮೊಬೈಲು

ಮುಂಬಯಿಯಲ್ಲಿ ಬಿಡಾರ ಹೂಡಿದ ನಮ್ಮಂಥ ಕನ್ನಡ ಸಂಸಾರಗಳಿಗೆ ವರ್ಷಕ್ಕೆ ಎರಡು ಪ್ರಯಾಣಗಳು ತಪ್ಪಿದ್ದಲ್ಲ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವುದು ಒಂದು. ಅದನ್ನು ಪ್ರವಾಸವೆನ್ನುವುದಕ್ಕಿಂತ ಋಣ ತೀರಿಸುವ ಕೆಲಸವೆನ್ನುವುದು ಮೇಲು. ಮಳೆ ಹಿಡಿದ ಮೇಲೆ ಘಟ್ಟದ ಕಡೆಗೆ ಹೋಗುವುದು ಇನ್ನೊಂದು. ಹಿಂದೆ ಈ ಎರಡನೆಯದಕ್ಕೆ ಲೋಣಾವಳೆ, ಖಂಡಾಳೆಗಳೇ ಸಾಕಾಗಿದ್ದುವು. ಹಸಿರು ನೋಡಿ, ಸುಟ್ಟ ಮೆಕ್ಕೆತೆನೆ ತಿಂದು, ಒಂದೆರಡು ಪೊಟ್ಟಣ ಚಿಕ್ಕಿ ಕಟ್ಟಿಸಿಕೊಂಡು ಬಂದರೆ ಎಲ್ಲರಿಗೂ ತೃಪ್ತಿ. ಈಗಿನ ಮಕ್ಕಳಿಗೆ ಹಸಿರು ಸಾಲದು. ಬೆಟ್ಟ ಸುಮ್ಮನೆ ನಿಂತಿರುತ್ತದೆ. ಅವರಿಗೆ ತಿರುಗುವಂಥದು, ಜಾರುವಂಥದು, ಮೇಲಿನಿಂದ ಬೀಳುವಂಥದು ಬೇಕು. ಹೀಗಾಗಿ 2024ರ ಜುಲೈ ತಿಂಗಳ ಒಂದು ಶನಿವಾರ ಡೊಂಬಿವಲಿಯ ನಾವು ಆರು ಸಂಸಾರದವರು ಬಸ್ಸೊಂದನ್ನು ಗೊತ್ತುಮಾಡಿಕೊಂಡು, ಖೋಪೋಲಿಯ ಹತ್ತಿರದ ಇಮ್ಯಾಜಿಕಾ ಎಂಬ ವಿನೋದೋದ್ಯಾನಕ್ಕೆ ಹೊರಟೆವು. ಮಹಾರಾಷ್ಟ್ರ ಸರಕಾರ 2020ರಲ್ಲಿ ಐದು ದಿನದ ವಾರವನ್ನು ಜಾರಿಗೆ ತಂದಮೇಲೆಯೇ, ನಮ್ಮಂಥ ಗುಮಾಸ್ತರಿಗೆ ಶನಿವಾರವೆಂಬುದೊಂದು ದಿನ ಉಂಟೆಂದು ತಿಳಿದದ್ದು.

ಹಿರಿಯರೂ ಕಿರಿಯರೂ ಸೇರಿ 23 ಜನ. ಮೊಬೈಲು 17, ಕ್ಯಾಮರಾ 2, ಕೊಡೆ 9. ಕಚೇರಿಯ ಚಾಳಿಯಿಂದ ಈ ಲೆಕ್ಕವನ್ನು ಬಸ್ಸಿನಲ್ಲಿಯೇ ಬರೆದುಕೊಂಡೆವು. ನೆನೆದರೆ ಕೆಡುವ ಸಾಮಾನು 19, ನೆನೆಯದಂತೆ ಕಾಯುವ ಸಾಮಾನು 9 ಎಂದಾದ ಮೇಲೆ ಲೆಕ್ಕದಲ್ಲಿ ಏನೋ ಕೊರತೆಯಿದೆಯೆಂದು ಯಾರಿಗೂ ಹೊಳೆಯುವಂತಿತ್ತು.

ಖೋಪೋಲಿಯನ್ನು ಹೆದ್ದಾರಿಯಲ್ಲಿ ಹೋಗುವವರು ಒಂದು ಚಹಾದ ನಿಲುಗಡೆಯೆಂದಷ್ಟೇ ಬಲ್ಲರು. ಊರಿಗೆ ಅದಕ್ಕಿಂತ ಹೆಚ್ಚಿನ ಚರಿತ್ರೆಯುಂಟು. 1856ರಲ್ಲಿ ಮುಂಬಯಿಯಿಂದ ಬಂದ ರೈಲು ಇಲ್ಲಿಗೆ ನಿಂತುಬಿಡುತ್ತಿತ್ತು. 1858ರಲ್ಲಿ ಖಂಡಾಳೆಯಿಂದ ಪುಣೆಗೆ ಹಳಿ ಬಿತ್ತು. ನಡುವಣ ಬೋರ್ ಘಟ್ಟವನ್ನು ಮಾತ್ರ ಪ್ರಯಾಣಿಕರು ಪಲ್ಲಕ್ಕಿಯಲ್ಲೋ ತಟ್ಟುವಿನ ಮೇಲೋ ಏರಬೇಕಾಗಿತ್ತು. 1863ರಲ್ಲಿ ಘಟ್ಟದ ಹಳಿ ಮುಗಿಯಿತು, ಖೋಪೋಲಿ ಕವಲುದಾರಿಯ ಕೊನೆಯ ನಿಲ್ದಾಣವಾಗಿ ಉಳಿಯಿತು. ಇಂದಿಗೂ ಕರ್ಜತ್ ಹಾದು ಬರುವ ಲೋಕಲ್ ಗಾಡಿ ಅಲ್ಲಿಗೇ ಮುಗಿಯುತ್ತದೆ. 1915ರಲ್ಲಿ ಟಾಟಾ ಸಂಸ್ಥೆಯವರ ಜಲವಿದ್ಯುತ್ ಕೇಂದ್ರ ಇಲ್ಲಿ ಆರಂಭವಾಯಿತು. ಮೇಲೆ ಲೋಣಾವಳೆಯ ಕಡೆ ಕೆರೆ ಕಟ್ಟಿ ತಡೆದ ಮಳೆನೀರು, ಕೊಳವೆಗಳಲ್ಲಿ ಅರ್ಧ ಕಿಲೋಮೀಟರಿಗೂ ಹೆಚ್ಚು ಕೆಳಗಿಳಿದು, ಮುಂಬಯಿಯ ಗಿರಣಿಗಳನ್ನು ನಡೆಸಿತು. ನಮ್ಮ ಶಿವನಸಮುದ್ರದಲ್ಲಿ ಇಂಥ ಕೆಲಸ 1902ರಲ್ಲಿಯೇ ಆಗಿತ್ತೆಂಬುದನ್ನು ಬಸ್ಸಿನಲ್ಲಿದ್ದ ಎಲ್ಲರಿಗೂ ಎರಡು ಸಲ ಹೇಳಿ ಸಮಾಧಾನಪಟ್ಟೆವು. ಒಟ್ಟಿನಲ್ಲಿ ನೀರೂ ವಿದ್ಯುತ್ತೂ ಕೂಡಿ ಬಾಳುವ ಊರು ಅದು. ಆದರೆ ದೊಡ್ಡ ಯಂತ್ರದಲ್ಲಿ ನಡೆಯುವ ಈ ದಾಂಪತ್ಯ ಕಿಸೆಯ ಯಂತ್ರದಲ್ಲಿ ನಡೆಯುವುದಿಲ್ಲ.

ಈ ಮಾತನ್ನು ಹೇಳಿದವರು ನಮ್ಮ ಗುಂಪಿನ ಮಾಸ್ತರರು. ಧಾರವಾಡದ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿ ಮಗಳ ಮನೆಗೆ ಬಂದವರು. ನಿವೃತ್ತಿ ಶಾಲೆಗೆ ಮಾತ್ರ. ಕಲಿಸುವ ಚಟಕ್ಕೆ ಅಲ್ಲ. ಅವರ ಪಾಠ ಬಸ್ಸು ಇಳಿಯುವಾಗಲೇ ಶುರುವಾಯಿತು. ಒಳಗೆ ಎ.ಸಿ.ಯ ತಂಪು, ಹೊರಗೆ ಜುಲೈ ತಿಂಗಳ ಖೋಪೋಲಿ. ಮಕ್ಕಳು ಇಳಿದವರೇ ಮೊಬೈಲೆತ್ತಿ ಹೆಬ್ಬಾಗಿಲಿನ ಚಿತ್ರ ಹಿಡಿಯಲು ಹೋದರೆ ಎಲ್ಲವೂ ಹಾಲಿನೊಳಗೆ ಅದ್ದಿದಂತೆ ಕಾಣುತ್ತಿತ್ತು. ಒಬ್ಬ ಹುಡುಗ ಅಂಗಿಯ ತುದಿಯಿಂದ ಕಣ್ಣನ್ನು, ಅಂದರೆ ಮೊಬೈಲಿನ ಕಣ್ಣನ್ನು, ಒರೆಸಿದ. ಎರಡು ಕ್ಷಣದಲ್ಲಿ ಮತ್ತೆ ಮಬ್ಬು.

ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವುದನ್ನು ನಾವೆಲ್ಲ ಕಂಡವರೇ. ತಂಬಿಗೆ ಸೋರುತ್ತಿರುವುದಿಲ್ಲ, ಗಾಳಿಯಲ್ಲಿದ್ದ ಆವಿ ತಂಪು ಮೈ ಸಿಕ್ಕಲ್ಲಿ ಹನಿಯಾಗಿ ಕೂರುತ್ತದೆ. ಮಳೆಗಾಲದ ಕೊಂಕಣದಲ್ಲಿ ಗಾಳಿ ಎಷ್ಟು ಆವಿ ಹೊತ್ತಿರುತ್ತದೆಂದರೆ, ಸುಮಾರು 25 ಡಿಗ್ರಿಗಿಂತ ತಂಪಾದ ಯಾವ ವಸ್ತುವಿನ ಮೇಲೂ ಇಬ್ಬನಿ ಕಟ್ಟುತ್ತದೆ. ಬಸ್ಸಿನೊಳಗೆ 22 ಡಿಗ್ರಿಯಲ್ಲಿ ಎರಡು ಗಂಟೆ ಕುಳಿತ ಮೊಬೈಲು, ಇಳಿದೊಡನೆ ಆ ತಂಬಿಗೆಯೇ ಆಗುತ್ತದೆ. ಒರೆಸಿ ಪ್ರಯೋಜನವಿಲ್ಲ, ಅದು ಬಿಸಿಯಾಗುವ ತನಕ ಕಾಯಬೇಕು. ಮೊಬೈಲಿಗೆ ಹತ್ತು ಹದಿನೈದು ನಿಮಿಷ ಸಾಕು. ಕ್ಯಾಮರಾಕ್ಕೆ, ಅದರಲ್ಲೂ ದೊಡ್ಡ ಗಾಜಿನದಕ್ಕೆ, ಅರ್ಧ ಗಂಟೆ ಬೇಕು. ಅದೂ ಚೀಲದೊಳಗೇ ಇದ್ದು ನಿಧಾನವಾಗಿ ಹೊರಗಿನ ಹವೆಗೆ ಹೊಂದಿಕೊಳ್ಳಬೇಕು. ನಮ್ಮ ಕಡೆ ಬಾಣಂತಿಯನ್ನು ತಟ್ಟನೆ ಗಾಳಿಗೆ ಬಿಡುವುದಿಲ್ಲವಲ್ಲ, ಹಾಗೆ. ಬಸ್ಸು ನಿಲ್ಲುವುದಕ್ಕೆ ಇಪ್ಪತ್ತು ನಿಮಿಷ ಮುಂಚೆ ಎ.ಸಿ. ನಿಲ್ಲಿಸಿ ಕಿಟಕಿ ತೆರೆಯಿರೆಂದು ಮಾಸ್ತರರು ಹೇಳಿದ್ದರು. ಹೆಂಗಸರು ಕೂದಲು ಹಾರುತ್ತದೆಂದು ಒಪ್ಪಿರಲಿಲ್ಲ.

ನೀರು ಎಂದರೆ ಮೇಲಿನಿಂದ ಬೀಳುವುದು, ಮುಂದಿನಿಂದ ಚಿಮ್ಮುವುದು ಎಂದಷ್ಟೇ ತಿಳಿದು ಹೋದವರಿಗೆ ಇದು ಮೊದಲ ಪೆಟ್ಟು. ಕಣ್ಣಿಗೆ ಕಾಣುವ ನೀರಿಗೆ ಕೊಡೆಯುಂಟು, ಚೀಲವುಂಟು. ಕಾಣದ ನೀರನ್ನು ನಾವೇ ಜೋಪಾನವಾಗಿ ಚೀಲದೊಳಗೆ ಹಾಕಿ, ಬಾಯಿ ಬಿಗಿದು, ಕೊರಳಿಗೆ ತೂಗುಹಾಕಿಕೊಂಡು ತಿರುಗುತ್ತೇವೆ.

ಕೊರಳ ಚೀಲಗಳ ವಿಷಯ ಸ್ವಲ್ಪ ಹೇಳಬೇಕು. ಪಾರದರ್ಶಕ ಪ್ಲಾಸ್ಟಿಕ್ಕಿನ, ಮೇಲೆ ಅಗುಳಿಯುಳ್ಳ, ದಾರ ಕಟ್ಟಿದ ಚೀಲಗಳು ಮಳೆಗಾಲದಲ್ಲಿ ಎಲ್ಲ ನಿಲ್ದಾಣಗಳ ಹೊರಗೂ ಮಾರಾಟಕ್ಕುಂಟು. ನಮ್ಮ ಗುಂಪಿನವರು ಹಿಂದಿನ ಸಂಜೆ ಹತ್ತು ಕೊಂಡಿದ್ದರು. ಮಾಸ್ತರರು ಹತ್ತನ್ನೂ ಪರೀಕ್ಷೆಗೆ ಕೂರಿಸಿದರು. ಪರೀಕ್ಷೆ ಸುಲಭ: ಒಣ ಕಾಗದದ ಕರವಸ್ತ್ರವನ್ನು ಮಡಿಸಿ ಒಳಗಿಟ್ಟು, ಅಗುಳಿ ಹಾಕಿ, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಮೇಲೊಂದು ಚೊಂಬು ಹೇರಿ ಅರ್ಧ ಗಂಟೆ ಬಿಡುವುದು. ತೆಗೆದು ನೋಡಿದರೆ ಎರಡು ಚೀಲಗಳ ಕಾಗದ ತೊಯ್ದಿತ್ತು. ಒಂದರದು ಮೂಲೆಯಲ್ಲಿ ಮಾತ್ರ ಒದ್ದೆ. ಮೂರನ್ನೂ ಬಚ್ಚಲಲ್ಲಿ ಸೋಪು ಇಡಲು ಕೊಟ್ಟರು. ಮೊಬೈಲನ್ನು ಪಣವಿಟ್ಟು ನೋಡುವುದಕ್ಕಿಂತ ಕಾಗದವನ್ನು ಪಣವಿಟ್ಟು ನೋಡುವುದು ಎಷ್ಟೋ ವಾಸಿ.

ಆದರೆ ತೇರ್ಗಡೆಯಾದ ಚೀಲವೂ ತಾನೇ ಏನೂ ಮಾಡಲಾರದು. ಅದು ಹೊರಗಿನ ನೀರನ್ನು ಒಳಗೆ ಬಿಡದು. ಒಳಗಿನದನ್ನು ಹೊರಗೂ ಬಿಡದು. ಬೆಚ್ಚಗಿನ ಮಳೆಗಾಲದ ಒಂದು ಘನ ಮೀಟರು ಗಾಳಿಯಲ್ಲಿ 25ರಿಂದ 30 ಗ್ರಾಂ ಆವಿ ಇರಬಹುದು. ಚೀಲದೊಳಗಿನ ಹಿಡಿ ಗಾಳಿಯಲ್ಲಿ ಅದು ಒಂದು ಹನಿಗೂ ಕಡಿಮೆಯೇ. ಗಾಜನ್ನು ಮಬ್ಬು ಮಾಡಲು ಅಷ್ಟು ಸಾಕು, ಮೊಬೈಲನ್ನು ಕೆಡಿಸಲು ಸಾಲದು. ಕೆಡಿಸುವುದು ನಮ್ಮ ಒದ್ದೆ ಕೈ. ಸರದಿಯ ಸಾಲಿನಲ್ಲಿ ನಿಂತು, ಮಳೆಯಲ್ಲಿ ನೆನೆದ ಬೆರಳುಗಳಿಂದ ಮೊಬೈಲನ್ನು ತೆಗೆದು, ತೊಯ್ದ ಸೆರಗಿನಿಂದ ಒರೆಸಿ, ಚೀಲದೊಳಗೆ ತೂರಿಸಿದರೆ ಹತ್ತಾರು ಹನಿ ಜೊತೆಗೇ ಹೋಗುತ್ತವೆ. ಆಮೇಲೆ ಬಿಸಿಲು ಬಿದ್ದರೆ, ಮೊಬೈಲೂ ತನ್ನ ಕೆಲಸದಿಂದ ಬೆಚ್ಚಗಾದರೆ, ಒಳಗೆ ಕಡುಬಿನ ಪಾತ್ರೆಯದೇ ಸ್ಥಿತಿ. ಆದ್ದರಿಂದ ಚೀಲ ಮುಚ್ಚಬೇಕಾದದ್ದು ಮನೆಯಲ್ಲಿ, ಒಣ ಕೈಯಲ್ಲಿ, ಒಳಗಿನ ಗಾಳಿಯನ್ನು ಅಂಗೈಯಿಂದ ಒತ್ತಿ ತೆಗೆದು. ಮುಚ್ಚಿದ ಮೇಲೆ ತೆರೆಯದಿರುವುದೇ ವ್ರತ. ಜೊತೆಗೆ ಔಷಧದ ಸೀಸೆಗಳಲ್ಲಿ, ಹೊಸ ಪಾದರಕ್ಷೆಯ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಜೆಲ್ಲಿನ ಪುಡಿಕೆಯೊಂದನ್ನು ಹಾಕಿದರೆ ಒಳ್ಳೆಯದು. ಆ ಪುಡಿಕೆಯೂ ಹೊಸದಾಗಿರಬೇಕು; ಆರು ತಿಂಗಳಿನಿಂದ ಮೇಜಿನ ಮೇಲೆ ಬಿದ್ದಿದ್ದುದು ಹೀರುವಷ್ಟನ್ನು ಆಗಲೇ ಹೀರಿ ಕುಳಿತಿರುತ್ತದೆ.

“ನಮ್ಮದಕ್ಕೆ ಚೀಲವೇ ಬೇಡ, ನೀರಿನಲ್ಲಿ ಮುಳುಗಿದರೂ ಏನೂ ಆಗದು” ಎನ್ನುವವರು ಪ್ರತಿ ಗುಂಪಿನಲ್ಲಿಯೂ ಇಬ್ಬರಿರುತ್ತಾರೆ. ನಮ್ಮಲ್ಲಿ ಮೂವರಿದ್ದರು. ಅವರ ಆಧಾರ, ಪೆಟ್ಟಿಗೆಯ ಮೇಲೆ ಅಚ್ಚಾದ ಐಪಿ 67, ಐಪಿ 68 ಎಂಬ ಅಂಕೆಗಳು. ಈ ಅಂಕೆಯನ್ನು ಓದುವ ಕ್ರಮವುಂಟು. ಮೊದಲನೆಯ ಅಂಕೆ ಧೂಳಿನದು. 6 ಎಂದರೆ ಧೂಳು ಒಳಹೋಗದು. ಎರಡನೆಯದು ನೀರಿನದು. 7 ಎಂದರೆ ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಕೆಡಲಿಲ್ಲವೆಂದು ಅರ್ಥ. 8 ಎಂದರೆ ಅದಕ್ಕಿಂತ ಕಠಿಣವಾದ, ತಯಾರಕರೇ ಹೇಳಿದಷ್ಟು ಆಳ ಮತ್ತು ಹೊತ್ತು. ರಭಸದಿಂದ ಚಿಮ್ಮುವ ನೀರಿನ ಪರೀಕ್ಷೆ ಬೇರೆ. ಅದರ ಅಂಕೆಗಳು 5 ಮತ್ತು 6. ಮುಳುಗುವ ಪರೀಕ್ಷೆಯಲ್ಲಿ ಗೆದ್ದದ್ದು ಚಿಮ್ಮುವ ಪರೀಕ್ಷೆಯಲ್ಲಿಯೂ ಗೆದ್ದಿದೆಯೆಂದು ಹೇಳುವಂತಿಲ್ಲ. ಕಚೇರಿಯಲ್ಲಿ ಲೆಕ್ಕದ ಪರೀಕ್ಷೆ ಪಾಸಾದವರು ಭಾಷೆಯ ಪರೀಕ್ಷೆಯನ್ನು ಬೇರೆಯಾಗಿಯೇ ಬರೆಯಬೇಕಲ್ಲವೆ? ಮೇಲಾಗಿ ಈ ಪರೀಕ್ಷೆಗಳೆಲ್ಲ ಹೊಸ ಮೊಬೈಲಿಗೆ, ನಿಂತ ಸಿಹಿನೀರಿನಲ್ಲಿ ನಡೆಯುವಂಥವು. ಎರಡು ವರ್ಷ ಕಿಸೆಯಲ್ಲಿ ಕೂತೆದ್ದು, ನಾಲ್ಕು ಸಲ ನೆಲಕ್ಕೆ ಬಿದ್ದು, ಒಮ್ಮೆ ಗಾಜು ಬದಲಾಯಿಸಿಕೊಂಡ ಮೊಬೈಲಿನ ಅಂಟು ಮೊದಲಿನಂತೆ ಇರುವುದಿಲ್ಲ. ನೀರಾಟದ ಕೊಳದಲ್ಲಿ ಇರುವುದೂ ಕ್ಲೋರಿನ್ ಬೆರೆಸಿದ ನೀರು. ಇಷ್ಟಾಗಿ ನೀರು ಹೊಕ್ಕರೆ ಸಾಮಾನ್ಯವಾಗಿ ತಯಾರಕರ ಖಾತರಿ ಅನ್ವಯಿಸುವುದಿಲ್ಲ. ಸಿಮ್ ಕಾರ್ಡಿನ ಗೂಡಿನೊಳಗೆ ಬಿಳಿ ಚುಕ್ಕೆಯೊಂದನ್ನು ಅನೇಕ ತಯಾರಕರು ಅಂಟಿಸಿರುತ್ತಾರೆ. ನೀರು ತಗುಲಿದರೆ ಅದು ಕೆಂಪಾಗುತ್ತದೆ. ದುರಸ್ತಿಯವನು ನಮ್ಮ ಮಾತನ್ನು ಕೇಳುವ ಮೊದಲು ಆ ಚುಕ್ಕೆಯ ಸಾಕ್ಷಿಯನ್ನು ಕೇಳುತ್ತಾನೆ.

ಉದ್ಯಾನದ ಒಳಗಿನ ಎಲ್ಲವನ್ನೂ ಬಣ್ಣಿಸುವ ಉದ್ದೇಶ ನಮಗಿಲ್ಲ. ಅದು 2013ರಲ್ಲಿ ತೆರೆಯಿತು; ಮರುವರ್ಷ ನೀರಾಟದ ಭಾಗವೂ 2016ರಲ್ಲಿ ಹಿಮದ ಮನೆಯೂ ಸೇರಿದುವು. ಹಿನ್ನೆಲೆಯಲ್ಲಿ ಸಹ್ಯಾದ್ರಿ, ಬೆಟ್ಟದ ಹಣೆಯಲ್ಲಿ ಬೆಳ್ಳಗೆ ಇಳಿಯುವ ಮಳೆಗಾಲದ ಝರಿಗಳು. ನಮ್ಮ ದೃಷ್ಟಿಯಲ್ಲಿ ಆ ದಿನದ ಅತ್ಯಂತ ಚೆಲುವಾದ ನೋಟ ಅದೇ. ಅದಕ್ಕೆ ಟಿಕೀಟೂ ಇಲ್ಲ. ಮಕ್ಕಳು ಅತ್ತ ತಿರುಗಿಯೂ ನೋಡಲಿಲ್ಲ. ಅವರು ನೆಟ್ಟಗೆ ಓಡಿದ್ದು ರಾಜಾಸೌರಸ್ಸಿನ ದೋಣಿಗೆ.

ರಾಜಾಸೌರಸ್ ಎಂಬುದು ಕಲ್ಪನೆಯ ಪ್ರಾಣಿಯಲ್ಲ. ಗುಜರಾತಿನ ರಹಿಯೋಲಿ ಎಂಬಲ್ಲಿ ದೊರೆತ ಮೂಳೆಗಳಿಂದ ವಿಜ್ಞಾನಿಗಳು 2003ರಲ್ಲಿ ಗುರುತಿಸಿ ಹೆಸರಿಟ್ಟ, ಆರೂವರೆ ಕೋಟಿ ವರ್ಷಗಳಿಗೂ ಹಿಂದಿನ, ಮಾಂಸಾಹಾರಿ ದೈತ್ಯ. ಪೂರ್ತಿ ಹೆಸರಿನಲ್ಲಿ ನರ್ಮದೆಯೂ ಇದ್ದಾಳೆ. ನಮ್ಮ ದೇಶದ ಪ್ರಾಣಿಯೊಂದಕ್ಕೆ ಇಂಥ ಮರ್ಯಾದೆ ಸಿಕ್ಕಿದ್ದು ಸಂತೋಷವೇ. ದೋಣಿ ಕತ್ತಲ ಕಾಡಿನೊಳಗೆ ಸಾಗುತ್ತದೆ, ಅಲ್ಲಲ್ಲಿ ಪ್ರಾಣಿಗಳು ಗುಟುರು ಹಾಕುತ್ತವೆ, ಕೊನೆಗೆ ದೋಣಿ ಎತ್ತರದಿಂದ ಜಾರಿ ಕೊಳಕ್ಕೆ ಬೀಳುತ್ತದೆ. ಆಗ ಎದ್ದ ನೀರಿನ ಗೋಡೆ ಎಲ್ಲರ ಮೇಲೂ ಕವಿಯುತ್ತದೆ. ಚಿತ್ರ ಹಿಡಿಯಬೇಕೆಂಬ ಆಸೆ ಹುಟ್ಟುವುದೂ ಅದೇ ಗಳಿಗೆಯಲ್ಲಿ. ಇದಕ್ಕೆ ಉಪಾಯ ಒಂದೇ: ಮನೆಗೊಬ್ಬರು ದಡದಲ್ಲಿ ನಿಲ್ಲುವುದು. ಉಳಿದವರ ಮೊಬೈಲು, ಕನ್ನಡಕ, ಕೈಗಡಿಯಾರಗಳನ್ನು ಮಡಿಲಲ್ಲಿಟ್ಟುಕೊಂಡು, ನೀರು ತಲುಪದಷ್ಟು ದೂರದಿಂದ ಚಿತ್ರ ತೆಗೆಯುವುದು. ದೋಣಿಯೊಳಗೆ ಕೂತವರು ಹಿಡಿದ ಚಿತ್ರಗಳಲ್ಲಿ ಬಾಯಿಗಳೂ ಹನಿಗಳೂ ಮಾತ್ರ ಬರುತ್ತವೆ. ದಡದಿಂದ ಹಿಡಿದವುಗಳಲ್ಲಿ ಮನುಷ್ಯರು ಬರುತ್ತಾರೆ. ನಮ್ಮ ಕಡೆಯ ದಂಡೆಯ ಕಾವಲು ನಮ್ಮ ಪಾಲಿಗೇ ಬಂದಿತ್ತು. ನೆನೆಯುವ ಉತ್ಸಾಹ ಇದ್ದವರಲ್ಲ ನಾವು.

ಗದಗಿನ ಅಕ್ಕನವರು ಮಾತ್ರ ಮೊಬೈಲನ್ನು ದಡದಲ್ಲಿ ಬಿಡಲು ಒಪ್ಪಲಿಲ್ಲ. ನಮ್ಮ ಮೇಲೆ ಅಪನಂಬಿಕೆಯಿಂದಲ್ಲ. ಅವರ ತಾಯಿ 2023ರಲ್ಲಿ ತೀರಿಕೊಂಡಿದ್ದರು. ಓದುಬರಹ ಹೆಚ್ಚು ಬಾರದ ಆ ತಾಯಿ ಮೊಬೈಲಿನಲ್ಲಿ ಮಾತನ್ನು ತುಂಬಿ ಕಳಿಸುವುದನ್ನು ಮೊಮ್ಮಗನಿಂದ ಕಲಿತು, ಕೊನೆಯ ಎರಡು ವರ್ಷ ವಾರಕ್ಕೊಮ್ಮೆಯಾದರೂ ಮಗಳಿಗೆ ಕಳಿಸುತ್ತಿದ್ದರಂತೆ. ಹಪ್ಪಳದ ಹಿಟ್ಟಿನ ಹದ, ನೆರೆಮನೆಯ ಮದುವೆ, ಮಳೆ ಬಾರದ ಬೇಸರ, ಇಂಥವೇ ಮಾತುಗಳು. ಒಂದೊಂದೂ ಅರ್ಧ ನಿಮಿಷ, ಒಂದು ನಿಮಿಷ. ಅವೆಲ್ಲ ಆ ಒಂದು ಮೊಬೈಲಿನಲ್ಲಿ ಮಾತ್ರ ಇದ್ದುವು. ಆದ್ದರಿಂದ ಅಕ್ಕನವರು ಅದನ್ನು ಯಾರ ಕೈಗೂ ಕೊಡದೆ, ಪರೀಕ್ಷೆಯಲ್ಲಿ ಗೆದ್ದ ಚೀಲವೊಂದರಲ್ಲಿ ಹಾಕಿ, ಎದೆಗವುಚಿಕೊಂಡು ದೋಣಿ ಹತ್ತಿದರು. ಸಾಲಿನಲ್ಲಿ ನಿಂತಾಗ ಯಾರದೋ ಕರೆ ಬಂತೆಂದು ಅದನ್ನು ತೆಗೆದು ಮಾತಾಡಿ, ಮಳೆಹನಿಗಳ ನಡುವೆಯೇ ಮತ್ತೆ ಒಳಗಿಟ್ಟದ್ದನ್ನು ದಡದಿಂದ ನೋಡಿದ್ದೆವು.

ದೋಣಿಯ ನೀರು ಚೀಲವನ್ನು ಹೊಗಲಿಲ್ಲ. ಅಗುಳಿ ತನ್ನ ಮಾತು ಉಳಿಸಿಕೊಂಡಿತು. ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ ಚೀಲದ ಒಳಮೈಯೆಲ್ಲ ಬೆವರಿ, ಕೆಳತುದಿಯಲ್ಲಿ ಸಣ್ಣ ಹನಿಗಳು ಸೇರಿ, ಮೊಬೈಲಿನ ಬಾಯಿ, ಅಂದರೆ ಚಾರ್ಜು ಮಾಡುವ ತೂತು, ಸರಿಯಾಗಿ ಆ ಹನಿಗಳಲ್ಲೇ ಕೂತಿತ್ತು. ಬ್ಯಾಟರಿ ನೂರಕ್ಕೆ 9 ಉಳಿದಿತ್ತು. ಅಕ್ಕನವರು ಗಾಬರಿಯಿಂದ ಚಾರ್ಜರಿನ ತಂತಿ ಕೈಗೆತ್ತಿಕೊಂಡರು. ಮಾಸ್ತರರು ಊಟದ ತಟ್ಟೆಯನ್ನು ಬಿಟ್ಟು ಎದ್ದು ಅವರ ಕೈ ಹಿಡಿದುಬಿಟ್ಟರು. ಎಪ್ಪತ್ತು ದಾಟಿದವರು ಅಷ್ಟು ಚುರುಕಾಗಿ ಏಳುವುದನ್ನು ನಾವು ಕಂಡಿರಲಿಲ್ಲ.

ಅವರು ವಿವರಿಸಿದ್ದು ಹೀಗೆ. ಬರಿಯ ನೀರು ಲೋಹಕ್ಕೆ ಒಂದೇ ಕ್ಷಣದಲ್ಲಿ ಹಾನಿ ಮಾಡುವುದಿಲ್ಲ. ಬೆವರಿನ ಉಪ್ಪು, ಕೊಳದ ಕ್ಲೋರಿನ್ ಬೆರೆತ ನೀರಿನಲ್ಲಿ ವಿದ್ಯುತ್ತು ಹರಿದಾಗ ಲೋಹವೇ ಕರಗಿ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಿ ಕೂರುತ್ತದೆ. ಹಿತ್ತಾಳೆ ಪಾತ್ರೆಯ ಮೇಲಿನಂಥ ಹಸಿರು ಕಿಲುಬು ಕಟ್ಟುತ್ತದೆ. ತಿಂಗಳುಗಳಲ್ಲಿ ಆಗುವ ಸವೆತ ನಿಮಿಷಗಳಲ್ಲಿ ಆಗುತ್ತದೆ. ಆದ್ದರಿಂದ ಒದ್ದೆಯಾದ ಮೊಬೈಲಿಗೆ ಮೊದಲ ಚಿಕಿತ್ಸೆ ಅದನ್ನು ಆರಿಸುವುದು. “ನಡೆಯುತ್ತಿದೆಯೋ ಇಲ್ಲವೋ” ಎಂದು ಐದು ನಿಮಿಷಕ್ಕೊಮ್ಮೆ ಹೊತ್ತಿಸಿ ನೋಡುವುದಲ್ಲ. ಚಾರ್ಜು ಮಾಡುವುದಂತೂ ಕೂಡದು. ಈಚಿನ ಕೆಲವು ಮೊಬೈಲುಗಳು ತೂತಿನಲ್ಲಿ ಪಸೆಯಿದ್ದರೆ ತಾವೇ ಎಚ್ಚರಿಕೆ ತೋರಿಸುತ್ತವೆ. ಅಕ್ಕನವರದು ಹಳೆಯದು, ಅದಕ್ಕೆ ಆ ಬುದ್ಧಿ ಇರಲಿಲ್ಲ.

ಮೊಬೈಲನ್ನು ಆರಿಸಿ, ಒಣ ಬಟ್ಟೆಯಿಂದ ಒರೆಸಿ, ಬಾಯಿ ಕೆಳಗಾಗಿ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿದೆವು. ಸಿಮ್ ಕಾರ್ಡಿನ ಗೂಡನ್ನು ಎಳೆದು ತೆಗೆದೆವು. ಚುಕ್ಕೆ ಇನ್ನೂ ಬೆಳ್ಳಗಿದ್ದುದನ್ನು ನೋಡಿ ಎಲ್ಲರಿಗೂ ಜೀವ ಬಂದಂತಾಯಿತು. ಕೂದಲು ಒಣಗಿಸುವ ಯಂತ್ರ ಅಲ್ಲಿ ಸಿಗಬಹುದೆಂದು ಯಾರೋ ಹೇಳಿದರು. ಮಾಸ್ತರರು ಅದನ್ನೂ ಬೇಡವೆಂದರು: ಬಿಸಿಗೆ ಒಳಗಿನ ಅಂಟು ಸಡಿಲುತ್ತದೆ, ರಭಸಕ್ಕೆ ಬಾಯಲ್ಲಿದ್ದ ಹನಿ ಹೊಟ್ಟೆಗೆ ಹೋಗುತ್ತದೆ.

ಅಕ್ಕನವರು ಆ ಮಧ್ಯಾಹ್ನವೆಲ್ಲ ಒಂದು ಬೆಂಚಿನ ಮೇಲೆ ಕೂತರು. ಮೊಬೈಲು ತೊಡೆಯ ಮೇಲೆ ಒಣ ಟವಲಿನಲ್ಲಿ. ಮಕ್ಕಳು ಐಸ್ ಕ್ರೀಂ ತಂದುಕೊಟ್ಟರು, ಅದು ಕರಗಿತು. ಅವರನ್ನು ಒಬ್ಬರೇ ಬಿಡುವುದು ಸರಿಯಲ್ಲವೆಂದು ನಮ್ಮ ಮನೆಯವರೂ ಜೊತೆಗೆ ಕೂತರು. ಇಬ್ಬರೂ ಏನು ಮಾತಾಡಿದರೋ ನಾವು ಕೇಳಲಿಲ್ಲ.

ಹಿಮದ ಮನೆಗೆ ಹೋದವರು ಕ್ಯಾಮರಾ ಒಯ್ದಿದ್ದರು. ಇಲ್ಲಿ ಬಸ್ಸಿನ ಪಾಠವೇ, ಆದರೆ ಹತ್ತು ಪಟ್ಟು. ಹಿಮದಲ್ಲಿ ತಣ್ಣಗಾದ ಕ್ಯಾಮರಾವನ್ನು ಹಾಗೆಯೇ ಹೊರಗೆ ತಂದರೆ ಇಬ್ಬನಿ ಮೇಲೆ ಮಾತ್ರವಲ್ಲ, ಗಾಜುಗಳ ನಡುವೆಯೂ ಕಟ್ಟೀತು. ಹೊರಗೆ ಬರುವ ಮೊದಲು, ತಂಪಿನಲ್ಲಿರುವಾಗಲೇ, ಅದನ್ನು ಅಗುಳಿಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಬೇಕು. ಹಿಮದ ಮನೆಯ ಗಾಳಿಯಲ್ಲಿ ಆವಿ ಬಹಳ ಕಡಿಮೆ. ಹೊರಗೆ ಬಂದ ಮೇಲೆ ಇಬ್ಬನಿ ಚೀಲದ ಹೊರಮೈಗೆ ಕಟ್ಟಿ ಅಲ್ಲೇ ಇಳಿದುಹೋಗುತ್ತದೆ. ಅದೇ ಚೀಲ, ಅದೇ ಅಗುಳಿ. ಮಳೆಯ ಸಾಲಿನಲ್ಲಿ ಮುಚ್ಚಿದರೆ ವೈರಿ, ಹಿಮದಲ್ಲಿ ಮುಚ್ಚಿದರೆ ಮಿತ್ರ. ಉದ್ದಕ್ಕೆ ಚಾಚುವ ಗಾಜಿನ ಕ್ಯಾಮರಾ ಇರುವವರು ಇನ್ನೊಂದನ್ನು ಗಮನಿಸಬೇಕು. ಚಾಚಿ ಮಡಿಸಿದಾಗಲೆಲ್ಲ ಅದು ಕಮ್ಮಾರನ ತಿದಿಯಂತೆ ಗಾಳಿಯನ್ನು ಒಳಗೆಳೆಯುತ್ತದೆ. ಮಳೆಯ ಮಧ್ಯೆ ಆಟಕ್ಕಾಗಿ ಹಿಂದುಮುಂದು ಎಳೆಯಬಾರದು.

ಮನೆಗೆ ಬಂದ ಮೇಲೆ ಕ್ಯಾಮರಾವನ್ನು ಅದರ ಚರ್ಮದ ಕೋಶದಲ್ಲಿ ಹಾಕಿ ಬೀರುವಿನಲ್ಲಿ ಭದ್ರಪಡಿಸುವುದು ನಮ್ಮವರ ಹಳೆಯ ಪದ್ಧತಿ. ನಮ್ಮ ತಂದೆಯವರ ಅಗ್ಫಾ ಕ್ಲಿಕ್ 3 ಕ್ಯಾಮರಾ ಹಾಗೆಯೇ ಇತ್ತು. ಒಂದು ಸುರುಳಿಗೆ 12 ಚಿತ್ರ, ಹನ್ನೆರಡನ್ನೂ ಒಂದು ವರ್ಷ ಎಣಿಸಿ ಎಣಿಸಿ ತೆಗೆಯುತ್ತಿದ್ದರು. ಕೋಶದ ಚರ್ಮ ಪಸೆಯನ್ನು ಹಿಡಿದಿಡುತ್ತದೆ. ಕತ್ತಲೂ ಪಸೆಯೂ ಕೂಡಿದರೆ ಗಾಜಿನ ಮೇಲೆ ಬೂಷ್ಟು ಬೇರು ಬಿಡುತ್ತದೆ; ಜೇಡರ ಬಲೆಯ ಎಳೆಯಂತೆ ಕಾಣುತ್ತದೆ, ಒರೆಸಿದರೆ ಹೋಗದು. ಗಾಳಿಯ ಆರ್ದ್ರತೆ ನೂರಕ್ಕೆ 60 ದಾಟಿದರೆ ಅದಕ್ಕೆ ಹಬ್ಬ, 40ರಿಂದ 50ರ ನಡುವೆ ಇಟ್ಟರೆ ಗಾಜು ಸುರಕ್ಷಿತ. ಮುಂಬಯಿಯ ಜುಲೈಯಲ್ಲಿ ಆರ್ದ್ರತೆ 80ರ ಮೇಲೆಯೇ. ಆದ್ದರಿಂದ ಅಡಿಗೆಮನೆಯ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಹಿಡಿ ಸಿಲಿಕಾ ಜೆಲ್ ಹಾಕಿ ಅದರಲ್ಲಿ ಕ್ಯಾಮರಾವನ್ನಿಡುವುದು ಕಡಿಮೆ ಖರ್ಚಿನ ದಾರಿ. ಮಲೆನಾಡಿನಲ್ಲಿ ಒಲೆಯ ಮೇಲಣ ಅಟ್ಟದ ಹೊಗೆಯಲ್ಲಿ ಮೆಣಸು, ಬೀಜಗಳನ್ನು ಕಾಯುತ್ತಿದ್ದ ಅಜ್ಜಿಯರಿಗೆ ಈ ವಿಷಯ ಹೊಸದಾಗಿ ಹೇಳಬೇಕಿರಲಿಲ್ಲ. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಅಟ್ಟವಿಲ್ಲ, ಹೊಗೆಯೂ ಇಲ್ಲ.

ರಾತ್ರಿ ಹಿಂದಿರುಗುವಾಗ ಬಸ್ಸಿನಲ್ಲಿ ಅಕ್ಕಿಯ ಚರ್ಚೆ ನಡೆಯಿತು. ಮೊಬೈಲನ್ನು ಅಕ್ಕಿಯ ಡಬ್ಬಿಯಲ್ಲಿ ಹೂಳಬೇಕೆಂಬುದು ನಮ್ಮ ಹೆಂಗಸರೆಲ್ಲರ ಏಕಮತ. ಉಪ್ಪಿನ ಡಬ್ಬಿಗೆ ಅಕ್ಕಿ ಹಾಕುವುದನ್ನು ನೋಡಿ ಬೆಳೆದವರು, ತಪ್ಪಿಲ್ಲ. ಆದರೆ ಅಂಗಡಿಯ ಅಕ್ಕಿಯಲ್ಲಿಯೇ ನೂರಕ್ಕೆ 12-14ರಷ್ಟು ನೀರಿನಂಶ ಇರುತ್ತದೆ. ಮಳೆಗಾಲದಲ್ಲಿ ಅದು ಇನ್ನಷ್ಟು ಹೀರುವ ಸ್ಥಿತಿಯಲ್ಲಿರುವುದಿಲ್ಲ. ಅಕ್ಕಿಯ ತೌಡು, ನುಚ್ಚು ತೂತಿನಲ್ಲಿ ಸಿಕ್ಕಿ ಪಸೆಯೊಡನೆ ಗಂಜಿಯಾಗುವುದೂ ಉಂಟು. ಆ್ಯಪಲ್ ಕಂಪನಿಯವರೇ ತಮ್ಮ ಮೊಬೈಲುಗಳನ್ನು ಅಕ್ಕಿಯಲ್ಲಿಡಬೇಡಿರೆಂದು ಸೂಚನೆ ಹೊರಡಿಸಿದ್ದಾರೆ. ಗಾಳಿಯಾಡುವ ಒಣ ಜಾಗದಲ್ಲಿ ಬಿಡಿ, ಪೂರ್ತಿ ಒಣಗಲು 24 ಗಂಟೆಯೂ ಹಿಡಿಯಬಹುದು ಎಂದಿದ್ದಾರೆ. ಇದು ಬಾಯಿ ಮಾತ್ರ ಒದ್ದೆಯಾದಾಗಿನ ಮಾತು. ಹೊಟ್ಟೆಗೆ ನೀರು ಹೋಗಿದ್ದರೆ, ಅದರಲ್ಲೂ ಉಪ್ಪುನೀರಾಗಿದ್ದರೆ, ತಡಮಾಡದೆ ತಿಳಿದವರಿಂದ ಬಿಚ್ಚಿಸಿ ತೊಳೆಸಬೇಕು. ಒಣಗಿದ ಮೇಲೂ ಉಪ್ಪು ಒಳಗೇ ಉಳಿಯುತ್ತದೆ.

ಅಕ್ಕನವರ ಮೊಬೈಲು ಎರಡು ರಾತ್ರಿ ಒಂದು ಹಗಲು ಫ್ಯಾನಿನ ಕೆಳಗೆ, ಆಮೇಲೆ ಒಂದು ದಿನ ಸಿಲಿಕಾ ಜೆಲ್ಲಿನ ಡಬ್ಬಿಯಲ್ಲಿ ಇತ್ತು. ಮಂಗಳವಾರ ಸಂಜೆ ನಾವು ಕಚೇರಿಯಿಂದ ಬರುವ ಹೊತ್ತಿಗೆ ಅವರ ಮನೆಯಲ್ಲಿ ಎಂಟು ಜನ ಸೇರಿದ್ದರು. ಹೊತ್ತಿಸಿದರು. ಹೊತ್ತಿತು. ಅಕ್ಕನವರು ಯಾರೊಡನೆಯೂ ಮಾತಾಡದೆ ಒಂದು ಸಂದೇಶವನ್ನು ಒತ್ತಿ ಕಿವಿಗೆ ಹಿಡಿದರು. ಹೊರಗೆ ಕೇಳದಂತೆ ಅಲ್ಲ, ಅದರ ಧ್ವನಿ ಮೊದಲಿಂದಲೂ ಜೋರೇ. ಕರಿಂಡಿಗೆ ಸಾಸಿವೆ ಎಷ್ಟು ಹಾಕಬೇಕೆಂಬ ಮಾತು. ಕೋಣೆಯಲ್ಲಿ ಎಲ್ಲರೂ ಕೇಳಿದೆವು. ಆ ರಾತ್ರಿಯೇ ಅವರ ಮಗ 60ಕ್ಕೂ ಹೆಚ್ಚು ಸಂದೇಶಗಳನ್ನು ತೆಗೆದು ಒಂದು ಪ್ರತಿಯನ್ನು ಕಂಪ್ಯೂಟರಿನಲ್ಲಿ, ಒಂದನ್ನು ಬೆರಳುದ್ದದ ಪೆನ್ ಡ್ರೈವಿನಲ್ಲಿ, ಇನ್ನೊಂದನ್ನು ಗದಗಿನಲ್ಲಿರುವ ಸೋದರಮಾವನಿಗೆ ಕಳಿಸಿ ಇಟ್ಟ. ಪ್ರವಾಸಕ್ಕೆ ಹೊರಡುವ ಹಿಂದಿನ ರಾತ್ರಿ ಬುತ್ತಿ ಕಟ್ಟುವುದರ ಜೊತೆಗೆ ಈ ಕೆಲಸವೂ ಆಗಬೇಕೆಂದು ನಮ್ಮ ಆರು ಮನೆಗಳಲ್ಲಿ ಈಗ ಗೊತ್ತಾಗಿದೆ. ಮೊಬೈಲು ಮತ್ತೊಂದು ಕೊಂಡರೆ ಬರುತ್ತದೆ.

ಬೇರೆ ಊರುಗಳ ಓದುಗರಿಗೆ ಒಂದೆರಡು ಮಾತು. ಬೇಸಿಗೆಯಲ್ಲಿ ಊರಿಗೆ ಹೋದಾಗ ಬಿಡದಿಯ ವಂಡರ್‌ಲಾಕ್ಕೆ ಹೋಗುವ ಸಂಸಾರಗಳು ಬಹಳ; ಅದು 2005ರಿಂದ ಮೈಸೂರು ರಸ್ತೆಯಲ್ಲಿದೆ. ಹೈದರಾಬಾದಿನವರಿಗೆ 2016ರಿಂದ ಅವರದೇ ಒಂದು ಇದೆ. ಅಲ್ಲಿ ಮೇ ತಿಂಗಳ ಗಾಳಿ ಒಣದು. ಆವಿಯ ಕಾಟ ಕಡಿಮೆ, ಬಿಸಿಲಿನಲ್ಲಿ ಮುಚ್ಚಿದ ಚೀಲದೊಳಗೆ ಮೊಬೈಲು ಕಾಯುವ ಕಾಟ ಹೆಚ್ಚು. ನೆರಳಿನಲ್ಲಿಡುವುದೇ ಮದ್ದು. ಚೆನ್ನೈಯವರಿಗೆ ಕಡಲ ಗಾಳಿಯ ಉಪ್ಪು ಬೇರೆ. ತೀರದಲ್ಲಿ ತಿರುಗಿದ ದಿನ ಕ್ಯಾಮರಾದ ಹೊರಮೈಯನ್ನು ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ ಆಮೇಲೆ ಒಣಗಿಸಬೇಕು. ಎಲ್ಲ ಊರಿನವರಿಗೂ ಅನ್ವಯಿಸುವುದೆಂದರೆ, ಟಿಕೀಟು, ಹಣ, ಗುಂಪಿನವರ ನಂಬರುಗಳು ಮೂರನ್ನೂ ಒಂದೇ ಮೊಬೈಲಿನೊಳಗೆ ಇಟ್ಟುಕೊಂಡು ಹೋಗಬಾರದು. ಒದ್ದೆ ಬೆರಳಿಗೆ ಗಾಜು ಓಗೊಡದು. ಅಜ್ಜಿಯ ಕೈಚೀಲದಲ್ಲಿ ನಾಲ್ಕು ನಂಬರು ಬರೆದ ಚೀಟಿ, ಐದುನೂರು ರೂಪಾಯಿ ನಗದು ಇರಲಿ.

ಸಿಲಿಕಾ ಜೆಲ್ಲಿನ ಹರಳುಗಳು ಮುಗಿದವೆಂದು ಎಸೆಯಬೇಕಾಗಿಲ್ಲ. ಬಣ್ಣದ ಹರಳು ಕೊಂಡರೆ ಅದೇ ಹೇಳುತ್ತದೆ: ನೀಲಿಯದು ತುಂಬಿದ ಮೇಲೆ ಗುಲಾಬಿಯಾಗುತ್ತದೆ, ಕಿತ್ತಳೆಯದು ಹಸಿರಾಗುತ್ತದೆ. ಪುಡಿಕೆಯಿಂದ ಬಿಡಿಸಿ ಸಣ್ಣ ಉರಿಯಲ್ಲಿ, ಸುಮಾರು 110-120 ಡಿಗ್ರಿಯಲ್ಲಿ, ಒಂದೆರಡು ಗಂಟೆ ಕಾಯಿಸಿದರೆ ಮೊದಲಿನ ಬಣ್ಣಕ್ಕೆ ಬರುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಎಂಬ ವಿಷವಸ್ತು ಇರುವುದರಿಂದ ಮಕ್ಕಳಿರುವ ಮನೆಗೆ ಕಿತ್ತಳೆಯದೇ ಸರಿ. ಯಾವುದೇ ಆದರೂ ಅಡಿಗೆಯ ಬಾಣಲೆ ಬಳಸತಕ್ಕದ್ದಲ್ಲ. ನಮ್ಮ ಮನೆಯಲ್ಲಿ ಇದಕ್ಕೆಂದೇ ಹಿಡಿ ಮುರಿದ ಹಳೆಯ ಬಾಣಲೆಯೊಂದು ನೇಮಕವಾಗಿದೆ. ಈ ಸಲದ ಮಳೆಗೆ ಖೋಪೋಲಿಯ ಪಕ್ಕದ ಮಹಾಡದ ವರದವಿನಾಯಕ, ಅದೇ ರಸ್ತೆಯಲ್ಲಿ ಮುಂದೆ ಪಾಲಿಯ ಬಲ್ಲಾಳೇಶ್ವರ, ಎರಡನ್ನೂ ನೋಡಿ ಬರುವುದೆಂದು ಹಿರಿಯರು ಹೇಳುತ್ತಿದ್ದಾರೆ. ಮಕ್ಕಳು ಮತ್ತೆ ದೋಣಿಯನ್ನೇ ಕೇಳುತ್ತಿದ್ದಾರೆ. ಬಸ್ಸಿನವನಿಗೆ ಮುಂಗಡ ಇನ್ನೂ ಕೊಟ್ಟಿಲ್ಲ.